ಹಳೆಯ ಕಾರಿನ ಅಲಾಯ್ ಚಕ್ರಕ್ಕೆ ಹತ್ತಿದ ಕೊಳೆ: ತೊಳೆಯುವುದೆಷ್ಟು, ಉಜ್ಜುವುದೆಷ್ಟು, ಬಣ್ಣವೆಷ್ಟು

ಪ್ರಶ್ನೆ: ನನ್ನ ಕಾರಿಗೆ 14 ವರ್ಷ. ಅಲಾಯ್ ಚಕ್ರಗಳ ಬೆಳ್ಳಿ ಬಣ್ಣ ಕಂದು ಹಿಡಿದಿದೆ. ಶಾಂಪೂ ಹಾಕಿ ಎಷ್ಟು ತಿಕ್ಕಿದರೂ ಸಾಸಿವೆಗಿಂತ ಸಣ್ಣ ಕಂದು-ಕಪ್ಪು ಚುಕ್ಕೆಗಳು ಬಿಡುತ್ತಿಲ್ಲ. ಅಂಚಿನಲ್ಲಿ ಕಲ್ಲಿಗೆ ಉಜ್ಜಿದ ಗಾಯಗಳಿವೆ. ಒಂದು ಚಕ್ರದಲ್ಲಿ ಮೇಲಿನ ಪದರದ ಅಡಿಯಲ್ಲಿ ಬಿಳಿ ಎಳೆಗಳು ಹರಿದಾಡಿದಂತೆ ಕಾಣುತ್ತವೆ. ಆಸಿಡ್ ಹಾಕಿದರೆ ಒಂದೇ ಏಟಿಗೆ ಹೋಗುತ್ತದೆ ಎನ್ನುತ್ತಾರೆ. ಹಾಕಬಹುದೇ? ಅಥವಾ ಪೂರ್ತಿ ಬಣ್ಣವೇ ಹೊಡೆಯಬೇಕೇ?

ಉತ್ತರ: ಆಸಿಡ್ ಬೇಡ. ಪೂರ್ತಿ ಬಣ್ಣವೂ ಬಹುಶಃ ಬೇಕಾಗಲಾರದು. ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಕಂದು ಚುಕ್ಕೆಗಳು ಲ್ಯಾಕರ್‌ಗೆ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೆ ನಾಟಿಕೊಂಡಿವೆ. ಸರಿಯಾದ ದ್ರಾವಣಕ್ಕೆ ಅವು ಬಿಡುತ್ತವೆ. ಅಂಚಿನ ಗಾಯದಲ್ಲಿ ಲ್ಯಾಕರೂ ಇಲ್ಲ, ಬಣ್ಣವೂ ಇಲ್ಲ. ಅಲ್ಲಿಗೆ ಎಮರಿ ಕಾಗದ ಮತ್ತು ಬಣ್ಣವೇ ಬೇಕು. ಬಿಳಿ ಎಳೆಗಳು ಲ್ಯಾಕರ್‌ನ ಅಡಿಯಲ್ಲಿ ಚಕ್ರದ ಲೋಹಕ್ಕೇ, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹಕ್ಕೇ ಹಿಡಿದ ಕಿಲುಬು. ಮೇಲಿನಿಂದ ಏನು ಹಚ್ಚಿದರೂ ಅಲ್ಲಿಗೆ ತಲುಪುವುದಿಲ್ಲ. ಈ ಮೂರನ್ನೂ ಒಂದೇ ಬಾಟಲಿಯಿಂದ ಮುಗಿಸಲು ಹೊರಟಾಗಲೇ ಒಳ್ಳೆಯ ಚಕ್ರಗಳು ಕೆಡುವುದು.

ಶಾಂಪೂ ಏಕೆ ಸೋಲುತ್ತದೆ ನೋಡಿ. ಬ್ರೇಕ್ ಒತ್ತಿದಾಗ ಪ್ಯಾಡ್ ಒಂದೇ ಸವೆಯುವುದಿಲ್ಲ, ಎರಕದ ಕಬ್ಬಿಣದ ಡಿಸ್ಕ್ ಕೂಡ ಸವೆಯುತ್ತದೆ. ಹಾಗೆ ಉದುರಿದ ಕಬ್ಬಿಣದ ಕಣ ಕಾದಿರುತ್ತದೆ. ಪ್ಯಾಡಿನ ಅಂಟು ಪುಡಿಯ ಜೊತೆ ಸೇರಿ ಅದು ಚಕ್ರದ ಮೇಲೆ ಕೂರುತ್ತದೆ. ಮಳೆಗೆ, ತೇವಕ್ಕೆ ಅದೇ ಕಣ ತುಕ್ಕು ಹಿಡಿದು ಹಿಗ್ಗುತ್ತದೆ, ಲ್ಯಾಕರ್‌ನೊಳಗೆ ಸ್ವಲ್ಪ ಸ್ವಲ್ಪವೇ ಬೇರು ಬಿಡುತ್ತದೆ. ನಿಮಗೆ ಕಾಣುವ ಕಂದು ಚುಕ್ಕೆ ಆ ತುಕ್ಕೇ. ಶಾಂಪೂ ಜಿಡ್ಡನ್ನು, ಮಣ್ಣನ್ನು ಎಬ್ಬಿಸುತ್ತದೆ. ತುಕ್ಕನ್ನು ಕರಗಿಸುವ ಗುಣ ಅದಕ್ಕಿಲ್ಲ. ಇನ್ನೂ ಜೋರಾಗಿ ತಿಕ್ಕಿದರೆ ಸಡಿಲವಾದ ಕಬ್ಬಿಣದ ಚೂರುಗಳೇ ಮರಳಿನಂತೆ ಲ್ಯಾಕರನ್ನು ಗೀರುತ್ತವೆ. ಆ ಗೀರುಗಳಲ್ಲಿ ಮುಂದಿನ ಸಲದ ಪುಡಿ ಇನ್ನೂ ಭದ್ರವಾಗಿ ಕೂರುತ್ತದೆ.

ತೊಳೆಯುವ ಮೊದಲು ಒಮ್ಮೆ ನೋಡಿ

ನೀರು ಬಿಡುವ ಮೊದಲು ನಾಲ್ಕೂ ಚಕ್ರಗಳನ್ನು ಇದ್ದ ಹಾಗೇ ನೋಡಿಕೊಳ್ಳಿ. ಕೊಳೆಯೂ ಒಂದಿಷ್ಟು ಮಾತಾಡುತ್ತದೆ, ತೊಳೆದ ಮೇಲೆ ಅದನ್ನು ಕೇಳಲಾಗದು. ಮುಂದಿನ ಎರಡು ಚಕ್ರಗಳು ಹಿಂದಿನವಕ್ಕಿಂತ ಕಪ್ಪಾಗಿರುವುದು ಸಹಜ, ಬ್ರೇಕಿನ ಹೆಚ್ಚಿನ ಕೆಲಸ ಮುಂದೆಯೇ ನಡೆಯುತ್ತದೆ. ಆದರೆ ಮುಂದಿನ ಎಡ ಮತ್ತು ಬಲಕ್ಕೆ ಎದ್ದುಕಾಣುವ ವ್ಯತ್ಯಾಸವಿದ್ದರೆ ಕ್ಯಾಲಿಪರ್ ಮೇಲೆ, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗದ ಮೇಲೆ ಅನುಮಾನ ಪಡಿ. ಕಪ್ಪಾದ ಕಡೆ ಪ್ಯಾಡ್ ಬಿಡದೆ ಡಿಸ್ಕನ್ನು ಉಜ್ಜುತ್ತಿರಬಹುದು, ಅಥವಾ ಸ್ವಚ್ಛವಾಗಿರುವ ಕಡೆ ಬ್ರೇಕ್ ಸರಿಯಾಗಿ ಹಿಡಿಯದೆ ಇರಬಹುದು. ಹೆಚ್ಚು ಬ್ರೇಕ್ ಬಳಸದೆ ಕೆಲವು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಎರಡೂ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿಯಿರಿ. ಒಂದರಿಂದ ಮಾತ್ರ ಕಾವು ಬಡಿಯುತ್ತಿದ್ದರೆ ಕ್ಯಾಲಿಪರನ್ನು ಮೊದಲು ಸರಿಮಾಡಿಸಿ, ಚಕ್ರದ ಹೊಳಪು ಆಮೇಲೆ.

ಚಕ್ರದ ಒಳಬದಿಯಲ್ಲಿ ಕಪ್ಪು ಗ್ರೀಸ್ ವರ್ತುಲವಾಗಿ ಚಿಮ್ಮಿದ್ದರೆ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ರಬ್ಬರ್ ಹೊದಿಕೆ (ಬೂಟ್) ಹರಿದಿದೆ ಎಂದು ತಿಳಿಯಿರಿ. ಒದ್ದೆಯಾದ, ಎಣ್ಣೆಯಂಥ ಗೆರೆ ಇಳಿದಿದ್ದು ಅದರ ದಾರಿಯಲ್ಲಿ ಬಣ್ಣ ಉಬ್ಬಿದ್ದರೆ ಅದು ಬ್ರೇಕ್ ದ್ರವ. ಆ ಕಾರನ್ನು ರಸ್ತೆಗಿಳಿಸುವುದೇ ಬೇಡ.

ಇನ್ನೊಂದು ಎಚ್ಚರಿಕೆ: ಇನ್ನೂ ಹಳೆಯ ಕಾಲದ ಬ್ರೇಕ್ ಪ್ಯಾಡ್, ಶೂಗಳಲ್ಲಿ ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ಕುತ್ತು ತರುವ ಕಲ್ನಾರು (ಆಸ್ಬೆಸ್ಟಸ್) ಇರುತ್ತಿತ್ತು. ನಿಮ್ಮ ಕಾರಿಗೆ ಆ ಭಯ ಕಡಿಮೆ. ಆದರೂ ಒಣ ಬ್ರೇಕ್ ಪುಡಿಯನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸ ಯಾವ ಕಾರಿಗೂ ಬೇಡ. ಮೊದಲು ನೀರು ಚಿಮುಕಿಸಿ, ಆಮೇಲೆ ಕೈಹಾಕಿ.

ಮೇಲ್ಮೈ ಯಾವುದು ಎಂಬುದೂ ಮೊದಲೇ ಗೊತ್ತಿರಬೇಕು. ಸ್ಪೋಕಿನ ಹಿಂಭಾಗದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಬೆರಳುಗುರಿನಷ್ಟು ಲೋಹದ ಪಾಲಿಶ್ ಹಾಕಿ ಬಿಳಿ ಬಟ್ಟೆಯಿಂದ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬರಿ ಅಲ್ಯೂಮಿನಿಯಂ, ಮೇಲೆ ಲ್ಯಾಕರ್ ಇಲ್ಲ. ಬಟ್ಟೆಗೆ ಪಾಲಿಶ್‌ನ ಬಣ್ಣವಷ್ಟೇ ಹತ್ತಿದರೆ ಲ್ಯಾಕರ್ ಇದೆ. ಚಕ್ರದ ಬಣ್ಣವೇ ಬಟ್ಟೆಗೆ ಬಂದರೆ ಲ್ಯಾಕರ್ ಸವೆದು ಬಣ್ಣ ಬಯಲಾಗಿದೆ. ಚಕ್ರದ ಮುಖದ ಮೇಲೆ ಹಳೆಯ ಗ್ರಾಮಫೋನ್ ತಟ್ಟೆಯಂತೆ ಸೂಕ್ಷ್ಮ ವೃತ್ತಗಳು ಕಂಡರೆ ಅದು ಡೈಮಂಡ್ ಕಟ್. ಯಂತ್ರದಲ್ಲಿ ಕಡೆದು ಮೇಲೆ ಬರಿ ಲ್ಯಾಕರ್ ಹೊಡೆದ ಚಕ್ರ ಅದು. ಬಿಳಿ ಎಳೆಗಳ ಕಾಟ ಹೆಚ್ಚು ಇಂಥವುಗಳಲ್ಲೇ.

ಚಕ್ರ ಬಿಚ್ಚುವುದು

ಹೊರಮುಖ ಮಾತ್ರ ಸಾಕೆನಿಸಿದರೆ ಬಿಚ್ಚದೆಯೂ ತೊಳೆಯಬಹುದು. ಆದರೆ 14 ವರ್ಷದ ಕೊಳೆಯ ಹೆಚ್ಚಿನ ಪಾಲು ಒಳಗಿನ ಪೀಪಾಯಿಯಂಥ ಭಾಗದಲ್ಲಿರುತ್ತದೆ. ಅಲ್ಲಿ ಒಂದು ಕಡೆ ಮಾತ್ರ ಕೆಸರು ಗಟ್ಟಿಯಾಗಿ ಕೂತರೆ 80-100 ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿದ ಸ್ವಲ್ಪ ದಿನಕ್ಕೇ ಮತ್ತೆ ನಡುಕ ಬಂತು ಎನ್ನುವ ಕಾರುಗಳಲ್ಲಿ ಇದನ್ನೊಮ್ಮೆ ನೋಡಬೇಕು.

ಗಟ್ಟಿಯಾದ ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಕರ್ಣಕ್ಕೆ ಎದುರಿನ ಚಕ್ರಕ್ಕೆ ಅಡೆಗಲ್ಲು. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಜಾಕ್ ಎತ್ತುವುದಕ್ಕಷ್ಟೇ, ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡ್ ಇರಲೇಬೇಕು. ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ. ತೆಗೆಯುವ ಮೊದಲು ನಟ್ ಕೂರುವ ಬೋಲ್ಟಾದ ಒಂದು ಸ್ಟಡ್‌ಗೂ ಚಕ್ರದಲ್ಲಿ ಅದರ ರಂಧ್ರಕ್ಕೂ ಗುರುತು ಹಾಕಿದರೆ ಮತ್ತೆ ಅದೇ ಜಾಗಕ್ಕೆ ಕೂರಿಸಬಹುದು.

ನಟ್ ಎಲ್ಲ ಬಿಚ್ಚಿದರೂ ಹಳೆಯ ಅಲಾಯ್ ಚಕ್ರ, ಅದನ್ನು ಹೊತ್ತು ತಿರುಗುವ ಉಕ್ಕಿನ ಹಬ್ಬಿಗೆ ಅಂಟಿಕೊಂಡು ಕೂತಿರುವುದುಂಟು. ಅಲ್ಯೂಮಿನಿಯಂ ಮತ್ತು ಉಕ್ಕು ತೇವದಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಕಿಲುಬು ಹಿಡಿಯುತ್ತದೆ, ಆ ಬಿಳಿ ಪುಡಿ ಸಂದಿನಲ್ಲಿ ಬೆಣೆಯಂತೆ ಕೂರುತ್ತದೆ. ಕಾರು ಜಾಕ್ ಮೇಲಿರುವಾಗ ಸುತ್ತಿಗೆ ಏಟು ಬೇಡ. ನಟ್‌ಗಳನ್ನು ಕೈಯಿಂದ ಬಿಗಿದು, ಎರಡು ಸುತ್ತು ಸಡಿಲಿಸಿ, ಕಾರನ್ನು ನೆಲಕ್ಕಿಳಿಸಿ ಒಂದಡಿ ಮುಂದೆ ಒಂದಡಿ ಹಿಂದೆ ನಿಧಾನವಾಗಿ ತಳ್ಳಿ. ಕಾರಿನ ತೂಕವೇ ಅಂಟನ್ನು ಬಿಡಿಸುತ್ತದೆ, ‘ಟಕ್’ ಎಂದು ಶಬ್ದ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ನಡುವಿನ ರಂಧ್ರದ ಸುತ್ತ ತುಕ್ಕು ಬಿಡಿಸುವ ಎಣ್ಣೆಯನ್ನು ಕೆಲವೇ ಹನಿ ಬಿಟ್ಟು ಒಂದು ಗಂಟೆ ಕಾಯಿರಿ. ಡಿಸ್ಕ್ ಮೇಲೆ ಹನಿ ಬೀಳಬಾರದು.

ಬಿಚ್ಚಿದ ಚಕ್ರವನ್ನು ಹಳೆಯ ಕಂಬಳಿಯ ಮೇಲಿಡಿ. ಒಳಬದಿಗೆ ಅಂಟಿಸಿರುವ ತೂಕಗಳ ಜಾಗವನ್ನು ಮೇಣದ ಪೆನ್ಸಿಲ್‌ನಿಂದ ಗುರುತಿಸಿ. ಉಜ್ಜುವಾಗ ಒಂದು ಬಿದ್ದುಹೋದರೂ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಲೇಬೇಕು.

ತೊಳೆಯುವ ಕ್ರಮ

ಚಕ್ರ ಕೈಗೆ ತಣ್ಣಗಿರಬೇಕು, ನೆರಳಿರಬೇಕು. ಬಿಸಿ ಲೋಹದ ಮೇಲೆ ಯಾವ ದ್ರಾವಣವಾದರೂ ನಿಮಿಷದೊಳಗೆ ಒಣಗಿ, ನೀರಿಗೆ ಹೋಗದ ಕಲೆಯನ್ನು ಬಿಡುತ್ತದೆ. ನೈಟ್ರೈಲ್ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಬಕೆಟ್, ಬ್ರಷ್, ಬಟ್ಟೆ ಚಕ್ರಕ್ಕೇ ಮೀಸಲಿರಲಿ. ಇವು ಕಾರಿನ ಮೈಗೆ ತಾಗಿದರೆ ಕಬ್ಬಿಣದ ಪುಡಿ ಅಲ್ಲಿಯೂ ಗೀರು ಬರೆಯುತ್ತದೆ.

ಮೊದಲು ನೀರಿನ ರಭಸದಿಂದ ಸಡಿಲ ಮಣ್ಣನ್ನೆಲ್ಲ ಇಳಿಸಿ. ಪ್ರೆಷರ್ ವಾಷರ್ ಇದ್ದರೆ ಮೂತಿಯನ್ನು 30 ಸೆಂಟಿಮೀಟರ್ ದೂರ ಹಿಡಿಯಿರಿ. ಟೈರಿನ ಬದಿಗೆ, ವಾಲ್ವ್‌ಗೆ, ಎದ್ದ ಲ್ಯಾಕರ್‌ನ ಅಂಚಿಗೆ ನೇರ ಧಾರೆ ಬಿಡಬೇಡಿ. ಆಮೇಲೆ 10 ಲೀಟರ್ ನೀರಿಗೆ 30 ಮಿಲಿಲೀಟರ್‌ನಷ್ಟು ಕಾರ್ ಶಾಂಪೂ ಕಲಸಿ ಮೆದು ಬ್ರಷ್‌ನಿಂದ ಒಳಗಿನಿಂದ ಹೊರಕ್ಕೆ ತೊಳೆಯಿರಿ. ನಟ್ ಗುಂಡಿಗಳಿಗೆ, ವಾಲ್ವ್ ಬುಡಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಒಳಭಾಗದ ಜಿಡ್ಡು ಹಟ ಮಾಡಿದರೆ ಎಲ್ಲ ಕಡೆಗೂ ಬಳಸುವ ಕ್ಲೀನರನ್ನು 1 ಪಾಲಿಗೆ 10 ಪಾಲು ನೀರು ಬೆರೆಸಿ ಸಿಂಪಡಿಸಿ, ಎರಡು ನಿಮಿಷಕ್ಕೆ ಜಾಲಿಸಿ. ಲ್ಯಾಕರ್ ಇಲ್ಲದ ಬರಿ ಅಲ್ಯೂಮಿನಿಯಂ ಚಕ್ರಕ್ಕೆ ಇದೂ ಬೇಡ, ಶಾಂಪೂವಿಗೇ ನಿಲ್ಲಿಸಿ.

ಈಗ ನಿಜವಾದ ಮದ್ದು: ಕಬ್ಬಿಣದ ಕಣ ಕರಗಿಸುವ ದ್ರಾವಣ, ಅಂಗಡಿಯವರು ಐರನ್ ರಿಮೂವರ್ ಎನ್ನುವುದು. ಇದರ ಮೂಲವಸ್ತು ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಎಂಬ ಲವಣ. ಅದು ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತದೆ. ಆಮ್ಲವೂ ಕ್ಷಾರವೂ ಅಲ್ಲದ, ತಟಸ್ಥ ಎಂದು ಬರೆದಿರುವುದನ್ನೇ ಆರಿಸಿ. ನೀರು ಸೋರಿಹೋದ ಚಕ್ರಕ್ಕೆ 50ರಿಂದ 75 ಮಿಲಿಲೀಟರ್ ಸಮನಾಗಿ ಸಿಂಪಡಿಸಿ. ಒಂದು ನಿಮಿಷ ಏನೂ ಆಗದು. ಆಮೇಲೆ ಒಂದೊಂದು ಚುಕ್ಕೆಯ ಸುತ್ತಲೂ ನೇರಳೆ ಬಣ್ಣ ಒಡೆದು, ಗೆರೆಗೆರೆಯಾಗಿ ಕೆಳಗೆ ಇಳಿಯತೊಡಗುತ್ತದೆ. ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಅದು ಗಂಧಕದ ವಾಸನೆ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ನಾಲ್ಕೈದು ನಿಮಿಷಕ್ಕೆ ಮೆದುವಾಗಿ ಬ್ರಷ್ ಆಡಿಸಿ ತೊಳೆದುಬಿಡಿ. ಒಣಗಲು ಬಿಡಲೇಬೇಡಿ, ಒಣಗುತ್ತಿದೆ ಎನಿಸಿದರೆ ಇನ್ನಷ್ಟು ಸಿಂಪಡಿಸಿ.

ಹೊಸ ಕಾರಿಗೆ ಒಂದು ಸುತ್ತು ಸಾಕು. ನಿಮ್ಮದಕ್ಕೆ ಎರಡು ಮೂರು ಬೇಕಾಗುತ್ತದೆ. ಅಳತೆ ಸುಲಭ: ನೇರಳೆ ಬರುವವರೆಗೂ ಕಬ್ಬಿಣ ಉಳಿದಿದೆ, ಬಣ್ಣ ತೀರಾ ತೆಳುವಾದಾಗ ನಿಲ್ಲಿಸಿ. ಒಂದೇ ಸಲಕ್ಕೆ ಅರ್ಧ ಗಂಟೆ ನೆನೆಸಿಡುವುದಕ್ಕಿಂತ ಐದು ನಿಮಿಷದ ಮೂರು ಸುತ್ತು ಉತ್ತಮ. ಕೊಟ್ಟ ದುಡ್ಡಿಗೆ ನೇರಳೆ ನೋಡಿ ಖುಷಿಪಡುವವರೂ ಇದ್ದಾರೆ, ಆದರೆ ನೇರಳೆ ಬಂತೆಂದರೆ ಚಕ್ರ ಸ್ವಚ್ಛವಾಯಿತು ಎಂದಲ್ಲ. ಟಾರು, ಹಳೆಯ ತೂಕದ ಅಂಟು, ಪ್ಯಾಡಿನ ಅಂಟು ಪುಡಿ ಇದಕ್ಕೆ ಜಗ್ಗುವುದಿಲ್ಲ.

ಟಾರಿಗೆ ಪೆಟ್ರೋಲಿಯಂ ಮೂಲದ ಟಾರ್ ರಿಮೂವರ್ ಬೇಕು. ಚಕ್ರವನ್ನು ಒಣಗಿಸಿ, ಬಟ್ಟೆಗೆ ಹಾಕಿ ಕಲೆಯ ಮೇಲೆ ಅರ್ಧ ನಿಮಿಷ ಒತ್ತಿಹಿಡಿಯಿರಿ. ಕಪ್ಪು ಕರಗಿ ಕಂದಾಗಿ ಹರಿದಾಗ ಒರೆಸಿ. ಸೀಮೆಎಣ್ಣೆಯೂ ಇದೇ ಕೆಲಸ ಮಾಡುತ್ತದೆ, ಆದರೆ ಹಿಂದೆ ಜಿಡ್ಡು ಉಳಿಸುತ್ತದೆ, ಟೈರಿನ ರಬ್ಬರಿಗೂ ಒಳ್ಳೆಯದಲ್ಲ. ಬಳಸಿದರೆ ಕೂಡಲೇ ಶಾಂಪೂವಿನಿಂದ ತೊಳೆಯಿರಿ. ಥಿನ್ನರ್ ಬೇಡವೇ ಬೇಡ, ಹಳೆಯ ಲ್ಯಾಕರನ್ನು ಅದು ಮೆತ್ತಗೆ ಮಾಡಿಬಿಡುತ್ತದೆ.

ಎಲ್ಲ ಮುಗಿದ ಮೇಲೆ ಒಂದು ತೆಳು ಪ್ಲಾಸ್ಟಿಕ್ ಚೀಲದೊಳಗೆ ಬೆರಳಿಟ್ಟು ಒದ್ದೆ ಚಕ್ರವನ್ನು ಸವರಿ. ಬರಿಗೈಗೆ ನುಣುಪಾಗಿ ತೋರಿದ ಜಾಗವೂ ಚೀಲದ ಮೂಲಕ ಮರಳಿನಂತೆ ಚುಚ್ಚಬಹುದು. ಹಾಗಿದ್ದರೆ ಕ್ಲೇ ಬಾರ್ ಎಂಬ ಜೇಡಿಯಂಥ ಉಂಡೆಯನ್ನು ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ ಹಗುರಾಗಿ ಆಡಿಸಿ. ಜಾರುವಾಗ ಕರಕರ ಎನ್ನುವುದು ನಿಂತರೆ ಮುಗಿಯಿತು. ನಡುನಡುವೆ ಮಡಚಿ ಹೊಸ ಮುಖ ಮಾಡಿಕೊಳ್ಳಿ, ನೆಲಕ್ಕೆ ಬಿದ್ದರೆ ಎಸೆಯಿರಿ. ಚಕ್ರಕ್ಕೆ ಬಳಸಿದ್ದನ್ನು ಬಾನೆಟ್‌ಗೆ ಹಾಕಬೇಡಿ.

ಇಷ್ಟಾದರೂ ಚುಕ್ಕೆ ಇದ್ದ ಕಡೆ ಸೂಜಿಮೊನೆಯಂಥ ಕುಳಿಗಳು ಉಳಿಯಬಹುದು. ಅಲ್ಲಿ ಕಣ ಹೋಗಿದೆ, ಅದು ತಿಂದ ಲ್ಯಾಕರ್ ಮರಳಿ ಬರುವುದಿಲ್ಲ. ತೆಳು ಪಾಲಿಶ್ ಹಾಕಿದರೆ ಕಣ್ಣಿಗೆ ಮರೆಯಾಗುತ್ತದೆ, ಅಷ್ಟಕ್ಕೆ ತೃಪ್ತಿಪಡುವುದೇ ಜಾಣತನ.

ಆಸಿಡ್ ಏಕೆ ಬೇಡ

ಆಸಿಡ್ ಕೊಳೆಯನ್ನು ತೆಗೆಯುತ್ತದೆ, ಸುಳ್ಳೇನಲ್ಲ. ತೊಂದರೆ ಏನೆಂದರೆ 14 ವರ್ಷದ ಲ್ಯಾಕರ್‌ನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅಂಚಿನ ಗಾಯಗಳು ತೆರೆದೇ ಇವೆ. ಆಸಿಡ್ ಅಲ್ಲಿಂದ ಒಳಗಿಳಿದು ಅಲ್ಯೂಮಿನಿಯಂ ತಿನ್ನುತ್ತದೆ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದವು. ತೊಳೆದ ಮೇಲೂ ಕ್ಲೋರೈಡ್ ಸಂದುಗಳಲ್ಲಿ ಉಳಿದು ಕಿಲುಬನ್ನು ಸಾಕುತ್ತಿರುತ್ತದೆ. ಈ ವಾರ ಫಳಫಳ ಎಂದ ಚಕ್ರಕ್ಕೆ ತಿಂಗಳುಗಳಲ್ಲಿ ಬಿಳಿ ಎಳೆ ಹಬ್ಬುವುದಕ್ಕೆ ಇದೂ ಒಂದು ಕಾರಣ. ಹೊಳಪು ಬರಿಸುವ ಕೆಲವು ವೀಲ್ ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಇದು ಚರ್ಮಕ್ಕೆ ತಾಗಿದಾಗ ಮೊದಮೊದಲು ಉರಿಯದೆಯೂ ಒಳಗಿಳಿದು ಅಂಗಾಂಶದ ಕ್ಯಾಲ್ಸಿಯಂ ಹಿಡಿಯುತ್ತದೆ. ಡಬ್ಬದ ಮೇಲೆ ಈ ಹೆಸರು ಕಂಡರೆ ವಾಪಸು ಇಡಿ.

ಆಸಿಡ್ ಅಲ್ಲವಲ್ಲ ಎಂದು ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್‌ಗೆ ಕೈಹಾಕುವವರಿಗೂ ಅದೇ ಗತಿ. ಅಲ್ಯೂಮಿನಿಯಂ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಬರಿ ಅಲ್ಯೂಮಿನಿಯಂ ಮೇಲೆ ಕ್ಷಾರ ಬಿದ್ದರೆ ಬೂದುಬಣ್ಣದ ಮಂಕು ಹರಡುತ್ತದೆ, ಅದನ್ನು ಉಜ್ಜಿಯೇ ತೆಗೆಯಬೇಕು. ತಂತಿ ಬ್ರಷ್, ಪಾತ್ರೆ ತಿಕ್ಕುವ ಹಸಿರು ಪ್ಯಾಡ್ ಕೂಡ ಲ್ಯಾಕರ್ ಇರುವ ಕಡೆ ಬೇಡ.

ಅಂಚಿನ ಗಾಯ ಮತ್ತು ಬಣ್ಣ

ಮೊದಲು ತೀರ್ಮಾನಿಸಬೇಕಾದದ್ದು: ಇದು ಬರಿ ಗೀರೋ, ಪೆಟ್ಟೋ? ಅಂಚು ಒಳಕ್ಕೆ ಬಾಗಿದ್ದರೆ, ಸ್ಪೋಕಿನ ಬುಡದಲ್ಲೋ ಒಳಪೀಪಾಯಿಯಲ್ಲೋ ಕೂದಲೆಳೆಯಂಥ ಬಿರುಕಿದ್ದರೆ ಅದನ್ನು ಪುಟ್ಟಿ ಹಾಕಿ ಮುಚ್ಚುವುದು ಅಪಾಯ. ಅಂಥ ಚಕ್ರವನ್ನು ಬದಲಿಸಿ. ಒಳಬದಿ ತೊಳೆದು ಒಣಗಿಸಿದ ಮೇಲೆ ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿದರೆ ಬಿರುಕು ಇದ್ದಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ, ಒರೆಸಿದರೆ ಹೋಗದು.

ಬರಿ ಗೀರಾದರೆ ಮನೆಯಲ್ಲೇ ಆಗುವ ಕೆಲಸ. ಟೈರಿನ ಗಾಳಿಯನ್ನು ಒಂದಿಷ್ಟು ಇಳಿಸಿ, ಅಂಚಿಗೂ ರಬ್ಬರಿಗೂ ನಡುವೆ ಹಳೆಯ ಇಸ್ಪೀಟು ಎಲೆಗಳನ್ನು ಒಂದರ ಮೇಲೊಂದು ಅರ್ಧ ಬರುವಂತೆ ಸುತ್ತಲೂ ಸಿಕ್ಕಿಸಿ. ಟೇಪ್ ಅಂಟಿಸುವುದಕ್ಕಿಂತ ಇದು ಚೆನ್ನು. ಬಣ್ಣ ಅಂಚಿನ ಹಿಂದಕ್ಕೂ ತಲುಪುತ್ತದೆ, ಗೆರೆ ಉಳಿಯುವುದಿಲ್ಲ.

ಎದ್ದು ನಿಂತ ಲೋಹದ ಮುಳ್ಳುಗಳನ್ನು ಸಣ್ಣ ಅರದಿಂದ ಸವರಿ. ಆಮೇಲೆ 120ರ ಎಮರಿ, ಮುಂದೆ 240, ಕೊನೆಗೆ 400 (ಅಂಕಿ ಹೆಚ್ಚಿದಷ್ಟೂ ಕಾಗದ ನುಣುಪು). ಗಾಯದ ಸುತ್ತ ಎರಡು ಬೆರಳಗಲ ಹಳೆಯ ಬಣ್ಣವನ್ನೂ ಇಳಿಜಾರಾಗಿ ಉಜ್ಜಬೇಕು. ಉಗುರು ಅಡ್ಡ ಎಳೆದಾಗ ಬಣ್ಣದ ಮೆಟ್ಟಿಲು ಸಿಗಬಾರದು. ಸಿಕ್ಕರೆ ನಾಲ್ಕು ಕೋಟ್ ಹೊಡೆದ ಮೇಲೂ ಆ ಮೆಟ್ಟಿಲು ಗೆರೆಯಾಗಿ ಎದ್ದು ಕಾಣುತ್ತದೆ. ಉಜ್ಜಿ ಸರಿಹೋಗದಷ್ಟು ಆಳದ ಗೀರಿಗೆ ಅಲ್ಯೂಮಿನಿಯಂ ಪುಡಿ ಬೆರೆತ ಎರಡು ಭಾಗದ ಪುಟ್ಟಿಯನ್ನು ತೆಳುವಾಗಿ ತುಂಬಿ. ಅಂಚಿನ ಅಂದಕ್ಕೆ ಮಾತ್ರ ಇದು. ಟೈರ್ ಕೂರುವ ಜಾಗಕ್ಕೆ, ನಟ್ ಕೂರುವ ಜಾಗಕ್ಕೆ ಪುಟ್ಟಿ ಎಂದಿಗೂ ಸಲ್ಲದು.

ಲೋಹ ಬಯಲಾದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಮತ್ತೆ ಬೆರಳಿಂದ ಮುಟ್ಟಬೇಡಿ. ಸಾದಾ ಪ್ರೈಮರ್ ಅಲ್ಯೂಮಿನಿಯಂಗೆ ಸರಿಯಾಗಿ ಕಚ್ಚುವುದಿಲ್ಲ. ಲೋಹವನ್ನು ಸ್ವಲ್ಪ ಕೊರೆದು ಕಚ್ಚುವ ಎಚ್ (etch) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಬೇಕು. ಮನೆಯಲ್ಲಿ ಹೊಡೆದ ಬಣ್ಣ ಹಾಳೆಯಂತೆ ಎದ್ದುಬರುವುದಕ್ಕೆ ಎರಡು ದೊಡ್ಡ ಕಾರಣಗಳು ಇವೇ: ತಪ್ಪು ಪ್ರೈಮರ್, ಬೆರಳಿನ ಜಿಡ್ಡು. ಒಂದೇ ದಿನದಲ್ಲಿ ಬಣ್ಣ ಮುಗಿಸುವ ಹಾಗೆ ಯೋಜಿಸಿ. ಬಯಲಾದ ಅಲ್ಯೂಮಿನಿಯಂ ರಾತ್ರಿಯಿಡೀ ಹಾಗೇ ಬಿದ್ದಿದ್ದರೆ ಮತ್ತೆ 400ರಿಂದ ಉಜ್ಜಿಯೇ ಮುಂದುವರಿಯಬೇಕು.

ಡಬ್ಬವನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, 20-25 ಸೆಂಟಿಮೀಟರ್ ದೂರದಿಂದ ಕೈ ನಿಲ್ಲಿಸದೆ ಹೊಡೆಯಿರಿ. ಪ್ರೈಮರ್ ಎರಡು ತೆಳು ಕೋಟ್, ಒಣಗಿದ ಮೇಲೆ 600ರ ಕಾಗದದಿಂದ ನೀರು ಹಾಕಿ ಹಗುರ ಉಜ್ಜು. ಬಣ್ಣ ಮೂರು ಕೋಟ್, ನಡುವೆ 10-15 ನಿಮಿಷ. ಮೊದಲ ಕೋಟಿನಲ್ಲಿ ಕೆಳಗಿನ ಪ್ರೈಮರ್ ಕಾಣುತ್ತಲೇ ಇರಬೇಕು. ಮೊದಲ ಕೋಟಿಗೇ ಮುಚ್ಚಬೇಕೆಂಬ ಆಸೆಯಿಂದಲೇ ಬಣ್ಣ ಸೋರುವುದು. ಮೇಲೆ ಲ್ಯಾಕರ್ ಎರಡು ಮೂರು ಕೋಟ್. ಹವೆ 15ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಮಳೆ ಹಿಡಿದ ತೇವದ ದಿನ ಹೊಡೆದರೆ ದ್ರಾವಕ ಆರುವಾಗ ಮೇಲ್ಮೈ ತಣಿದು, ಗಾಳಿಯ ತೇವ ಅಲ್ಲಿ ಕೂತು ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ.

ಲ್ಯಾಕರ್‌ನಲ್ಲಿ ಎರಡು ಬಗೆ. ಒಂದೇ ಭಾಗದ್ದು ಸುಲಭ, ಆದರೆ ಬ್ರೇಕ್ ದ್ರವಕ್ಕೆ, ಕಟು ಕ್ಲೀನರ್‌ಗೆ ಬೇಗ ಸೋಲುತ್ತದೆ. ಗಟ್ಟಿಕಾರಕ ಬೆರೆಸುವ ಎರಡು ಭಾಗದ್ದು ನಿಜಕ್ಕೂ ಬಾಳಿಕೆ ಬರುತ್ತದೆ, ಆದರೆ ಅದರಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಧೂಳಿನ ಬಟ್ಟೆ ಮಾಸ್ಕ್ ಸಾಲದು. ಅದಕ್ಕೆ ತಕ್ಕ ಉಸಿರು ಮುಖವಾಡ ಇಲ್ಲದಿದ್ದರೆ ಒಂದು ಭಾಗದ್ದೇ ಸಾಕು, ಅಥವಾ ಆ ಕೆಲಸವನ್ನು ಪೇಂಟ್ ಬೂತ್ ಇರುವವರಿಗೆ ಕೊಡಿ.

ಅಂದದ ಗಡಿಬಿಡಿಯಲ್ಲಿ ಹೆಚ್ಚಿನವರು ಮರೆಯುವ ಒಂದು ಮಾತು: ನಟ್ ಕೂರುವ ಓರೆ ಜಾಗಕ್ಕೂ ಹಬ್ಬಿಗೆ ಒತ್ತುವ ಹಿಂಭಾಗದ ಚಪ್ಪಟೆ ಮುಖಕ್ಕೂ ಬಣ್ಣ ತಾಗಕೂಡದು. ಬಣ್ಣ ಮೆತ್ತಗಿನ ವಸ್ತು. ಬಿಗಿದಾಗ ನಟ್‌ನ ಅಡಿ ಸಿಕ್ಕಿಕೊಂಡಿದ್ದು ಓಡಾಟದಲ್ಲಿ ಜಜ್ಜಿ ತೆಳುವಾಗುತ್ತದೆ, ಆದಷ್ಟೇ ಬಿಗಿ ಸಡಿಲಾಗುತ್ತದೆ. ನಟ್ ರಂಧ್ರಗಳಿಗೆ ಕಾಗದ ಸುರುಳಿ ತುರುಕಿ, ಹಿಂಭಾಗಕ್ಕೆ ಟೇಪ್ ಹಾಕಿ, ವಾಲ್ವ್ ಮುಚ್ಚಿ, ಆಮೇಲೆ ಬಣ್ಣ.

24 ಗಂಟೆ ಮುಟ್ಟಬೇಡಿ. ಮೊದಲ ಒಂದು ವಾರ ನೀರು ಬಿಟ್ಟು ಬೇರೇನೂ ತಾಗಿಸಬೇಡಿ.

ಬಿಳಿ ಎಳೆಗಳ ಚಕ್ರ

ಲ್ಯಾಕರ್ ಒಡೆದ ಒಂದು ಬಿಂದುವಿನಿಂದ ನೀರು, ಉಪ್ಪು ಒಳಹೊಕ್ಕು ಲೋಹ ಮತ್ತು ಲ್ಯಾಕರ್‌ನ ನಡುವೆ ಹುಳುವಿನಂತೆ ದಾರಿ ಮಾಡಿಕೊಂಡು ಹೋಗುತ್ತದೆ. ಎಳೆಯ ತಲೆ ಮುಂದೆ ಸಾಗುತ್ತಿರುತ್ತದೆ, ಹಿಂದೆ ಬಿಳಿ ಪುಡಿ ಉಳಿಯುತ್ತದೆ. ಮೇಲೆ ವ್ಯಾಕ್ಸ್ ಬಳಿದರೆ ನಿಲ್ಲದು. ಎಳೆ ಇರುವಷ್ಟು ಜಾಗದ ಜೊತೆಗೆ ಅದರ ತಲೆಯಿಂದ ಕನಿಷ್ಠ ಒಂದು ಸೆಂಟಿಮೀಟರ್ ಮುಂದಿನವರೆಗೂ ಲ್ಯಾಕರ್ ತೆಗೆದು, ಹೊಳೆಯುವ ಲೋಹ ಸಿಗುವ ತನಕ ಉಜ್ಜಬೇಕು. ಒಂದು ಬಿಳಿ ಚುಕ್ಕೆ ಬಿಟ್ಟರೂ ಹೊಸ ಬಣ್ಣದಡಿ ಮತ್ತೆ ಅಲ್ಲಿಂದಲೇ ಹೊರಡುತ್ತದೆ.

ಬಣ್ಣ ಬಳಿದ ಬೆಳ್ಳಿ ಚಕ್ರವಾದರೆ ಮೇಲೆ ಹೇಳಿದ ಕ್ರಮವೇ ನಡೆಯುತ್ತದೆ. ಡೈಮಂಡ್ ಕಟ್ ಆದರೆ ಮನೆಯಲ್ಲಿ ಆ ಗೆರೆಗಳನ್ನು ಮರಳಿ ತರಲಾಗದು, ಮತ್ತೆ ಲೇತಿನಲ್ಲಿ ಕಡೆಸಬೇಕು. ಪ್ರತಿ ಸಲವೂ ಲೋಹ ತೆಳುವಾಗುವುದರಿಂದ ಅದಕ್ಕೂ ಮಿತಿಯಿದೆ. ನಮ್ಮ ಸಲಹೆ ಕೇಳಿದರೆ, ಹಳೆಯ ಕಾರಿನ ಡೈಮಂಡ್ ಕಟ್ ಚಕ್ರವನ್ನು ಪೂರ್ತಿ ಬಣ್ಣಕ್ಕೆ ಬದಲಿಸಿಬಿಡಿ. ನಾಲ್ಕನ್ನೂ ಒಂದೇ ರೀತಿ ಮಾಡಿಸಿದರೆ ನೋಡುವವರಿಗೆ ಏನೂ ತಿಳಿಯದು, ಎಳೆಗಳ ಕಾಟವೂ ತಪ್ಪುತ್ತದೆ. ಪೌಡರ್ ಕೋಟಿಂಗ್‌ಗೆ ಕೊಡುವುದಾದರೆ ಬೇಯಿಸುವ ಶಾಖವನ್ನು ಕೇಳಿಕೊಳ್ಳಿ. ಸಾಮಾನ್ಯವಾಗಿ 180-200 ಡಿಗ್ರಿಯಲ್ಲಿ ಮುಗಿಯುತ್ತದೆ. ಅದಕ್ಕಿಂತ ತೀರಾ ಮೇಲೆ ಹೋದರೆ, ಹೆಚ್ಚು ಹೊತ್ತು ಬೇಯಿಸಿದರೆ ತಯಾರಿಸುವಾಗ ಕಾಯಿಸಿ ತಣಿಸಿದ್ದರಿಂದ ಬಂದ ಲೋಹದ ಬಲ ಕುಗ್ಗುತ್ತದೆ.

ಎಳೆಗಳು ಟೈರ್ ಕೂರುವ ಅಂಚಿನೊಳಕ್ಕೂ ಹೋಗಿದ್ದರೆ ಆ ಚಕ್ರದ ಗಾಳಿ ವಾರ ವಾರ ಸ್ವಲ್ಪ ಇಳಿಯುತ್ತಿರುತ್ತದೆ. ಶಾಂಪೂ ನೀರು ಬಳಿದು ಗುಳ್ಳೆ ನೋಡಿ. ಇದ್ದರೆ ಟೈರ್ ಬಿಚ್ಚಿಸಿ ಆ ಅಂಚನ್ನು ಸ್ವಚ್ಛಗೊಳಿಸಬೇಕು.

ಸ್ಟೆಪ್ನಿ ಉಕ್ಕಿನದಾಗಿದ್ದರೆ ಅದಕ್ಕೆ ದಾರಿ ಬೇರೆ: ತಂತಿ ಬ್ರಷ್, 80ರ ಎಮರಿ, ತುಕ್ಕು ಪರಿವರ್ತಕ ಹಚ್ಚಿ ಕಪ್ಪಾದ ಮೇಲೆ ಪ್ರೈಮರ್ ಮತ್ತು ಬಣ್ಣ. ನಡುವಿನ ತಟ್ಟೆ ಹೊರ ಬಳೆಗೆ ಬೆಸುಗೆಯಾದ ಜಾಗದಲ್ಲಿ ತುಕ್ಕು ಪದರಪದರವಾಗಿ ಏಳುತ್ತಿದ್ದರೆ ಬಣ್ಣ ಹೊಡೆಯದೆ ಚಕ್ರವನ್ನೇ ಬದಲಿಸಿ.

ಮತ್ತೆ ಜೋಡಿಸುವಾಗ

ಒಣಗಿದ ಚಕ್ರಕ್ಕೆ ಸಿಂಥೆಟಿಕ್ ಸೀಲಂಟ್ ತೆಳುವಾಗಿ ಎರಡು ಸಲ ಹಚ್ಚಿ, ಹೊಸ ಬಣ್ಣದ ಭಾಗಕ್ಕೆ ಮಾತ್ರ ಕೆಲವು ವಾರ ಬಿಟ್ಟು. ಕಾರ್ನೌಬಾ ವ್ಯಾಕ್ಸ್ ಕರಗುವುದು 82-86 ಡಿಗ್ರಿಗೆ. ಬ್ರೇಕಿನ ಕಾವಿಗೆ ಹತ್ತಿರದ ಚಕ್ರದ ಮೇಲೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಸೀಲಂಟ್ ಇದ್ದರೆ ಹೊಸ ಕಣಗಳು ಲ್ಯಾಕರ್‌ಗೆ ನೇರ ಕಚ್ಚುವುದಿಲ್ಲ, ವಾರಕ್ಕೊಮ್ಮೆ ಶಾಂಪೂ ನೀರಿಗೇ ಇಳಿದುಹೋಗುತ್ತವೆ. ಐರನ್ ರಿಮೂವರ್ ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಸಾಕು.

ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯಿರಿ. ಅಲ್ಲಿ ತಂತಿ ಬ್ರಷ್ ಆಗಬಹುದು, ಅದು ಬರಿ ಉಕ್ಕು. ನಡುವಿನ ಏರಿದ ಬಳೆಗೆ ಮಾತ್ರ ಆಂಟಿ-ಸೀಜ್ ಗ್ರೀಸನ್ನು ಬೆರಳಿಗೆ ಅಂಟುವಷ್ಟೇ ಸವರಿ. ಮುಂದಿನ ಸಲ ಚಕ್ರ ಅಂಟಿಕೊಳ್ಳುವುದಿಲ್ಲ. ಸ್ಟಡ್‌ಗಳ ತಿರುಪುಗೆರೆಗಳಿಗೆ ಎಣ್ಣೆ, ಗ್ರೀಸ್ ಬೇಡ. ಜಾರುವ ತಿರುಪುಗೆರೆಯಲ್ಲಿ ಕೈಪಿಡಿಯ ಅಂಕಿಗೇ ಬಿಗಿದರೂ ಸ್ಟಡ್ ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ.

ನಟ್‌ಗಳನ್ನು ಮೊದಲು ಕೈಯಿಂದ ಪೂರ್ತಿ ಓಡಿಸಿ, ಎದುರುಬದುರು ಕ್ರಮದಲ್ಲಿ ಬಿಗಿದು, ಚಕ್ರ ನೆಲಕ್ಕೆ ತಾಗಿದ ಮೇಲೆ ಬಿಗಿಯನ್ನು ಅಳೆಯುವ ಟಾರ್ಕ್ ಪಾನಾದಿಂದ ಕೊನೆಯ ಬಿಗಿ ಕೊಡಿ. ಸಣ್ಣ, ಮಧ್ಯಮ ಕಾರುಗಳಿಗೆ ಇದು ಸಾಮಾನ್ಯವಾಗಿ 90ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಅಂಕಿಯೇ ಕೊನೆಯ ಮಾತು. ಇಳಿಸಿದ ಗಾಳಿಯನ್ನು ತುಂಬಿಸಿ. ತೊಳೆದ ನೀರಿಗೆ ಡಿಸ್ಕ್ ಮೇಲೆ ಕಿತ್ತಳೆ ತುಕ್ಕು ತೆಳುವಾಗಿ ಮೂಡಿರುತ್ತದೆ, ಗಾಬರಿಯಾಗಬೇಡಿ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳ ಬಿಗಿಯನ್ನು ಮತ್ತೊಮ್ಮೆ ಟಾರ್ಕ್ ಪಾನಾದಿಂದಲೇ ನೋಡಿ.